ಏಳು ದಿನದ ಸೀರೆ

ಒಂದು ವಾರದ ಹಿಂದೆ ನಮ್ಮ ಮನೆಗೆ ಒಂದು ಸೀರೆ ವಾಪಸು ಬಂತು. ಬೂದು ಬಣ್ಣದ ಮೇಲೆ ಸಣ್ಣ ಬಿಳಿ ಹೂಗಳಿರುವ ಸಾಧಾರಣ ಕಾಟನ್ ಸೀರೆ, ಯಾವುದೋ ಮಿಠಾಯಿ ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ. ಚೀಲದ ಬಾಯಿ ಬಿಚ್ಚಿದೊಡನೆ ಮೊದಲು ನುಸಿಗುಳಿಗೆಯ ವಾಸನೆ ಬಂತು, ಅದರ ಹಿಂದೆಯೇ ಹಳೆಯ ಅಕ್ಕಿಗಂಜಿಯ ವಾಸನೆ. ಗಂಜಿ ಹಾಕಿ, ನೀಲಿಯಲ್ಲಿ ಅದ್ದಿ, ಅಂಚಿಗೆ ಅಂಚು ಕೂಡಿಸಿ ಇಸ್ತ್ರಿ ಮಾಡಿದ ಆ ಮಡಿಕೆ ನನ್ನ ಕೈಯದ್ದೇ ಎಂದು ತಿಳಿಯಲು ನನಗೆ ಕನ್ನಡಕವೂ ಬೇಕಾಗಲಿಲ್ಲ. ಹನ್ನೆರಡು ವರ್ಷದ ಹಿಂದೆ ನಾನು ಹೇಗೆ ಮಡಿಸಿ ಕೊಟ್ಟಿದ್ದೆನೋ ಹಾಗೆಯೇ ಇತ್ತು. ಅದನ್ನು ಯಾರೂ ಉಟ್ಟಿರಲಿಲ್ಲ, ಯಾರೂ ಹೊದೆದಿರಲಿಲ್ಲ.

ತಂದುಕೊಟ್ಟವಳು ವೀಣಾ, ಸುಮತಿ ಅಕ್ಕನ ತಂಗಿಯ ಮಗಳು. ಸುಮತಿ ಅಕ್ಕ ತೀರಿಕೊಂಡು ಆಗ ಒಂದು ತಿಂಗಳಾಗಿತ್ತು. ಕಪಾಟು ಖಾಲಿ ಮಾಡುವಾಗ ನನ್ನ ಹೆಸರಿನ ಚೀಟಿ ಅಂಟಿಸಿದ್ದ ಈ ಚೀಲ ಸಿಕ್ಕಿತಂತೆ. ಅವಳು ಚಹಾ ಕುಡಿದು, ಒಂದು ಗಂಟೆ ಕುಳಿತು, ನನಗೆ ಗೊತ್ತಿಲ್ಲದ ಕೆಲವು ಸಂಗತಿ ಹೇಳಿ ಹೋದಳು. ಅವಳು ಹೇಳಿದ್ದೇನೆಂದು ತಿಳಿಸುವ ಮೊದಲು ನಿಮಗೆ ಬೇರೆ ಕೆಲವು ವಿಷಯ ಗೊತ್ತಿರಬೇಕು. ನನ್ನ ಒಗೆಯುವ ಹುಚ್ಚಿನ ವಿಷಯ, ಸುಮತಿ ಅಕ್ಕನ ವಿಷಯ, ನನ್ನ ಮನೆಯಲ್ಲಿ ಹನ್ನೊಂದು ತಿಂಗಳು ಇದ್ದು ಹೋದ ಒಂದು ಮಗುವಿನ ವಿಷಯ. ಆ ಮಗು ಹೋದ ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದೆ.

ಹುಚ್ಚಿನಿಂದಲೇ ಶುರು ಮಾಡುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ನನ್ನ ತವರು ಉಡುಪಿಯ ಹತ್ತಿರ. ಅಜ್ಜಿ ಒಗೆದು ಹರವಿದ ಮಡಿಬಟ್ಟೆಯನ್ನು ಕೈಯಲ್ಲಿ ಮುಟ್ಟದೆ ಕೋಲಿನಿಂದ ತೆಗೆಯುತ್ತಿದ್ದಳು. ಅಮ್ಮನ ಕಾಲಕ್ಕೆ ಕೋಲು ಹೋಯಿತು, ಶಿಸ್ತು ಹೋಗಲಿಲ್ಲ. ಬೇರೆಯವರ ಮನೆಗೆ ಏನೇ ಹೋಗಲಿ, ಅದು ಉಜ್ಜಿದ ಪಾತ್ರೆಯಾಗಿರಬೇಕು ಅಥವಾ ಒಗೆದ ಬಟ್ಟೆಯಾಗಿರಬೇಕು. ಅರ್ಧ ಪಾವು ಸಕ್ಕರೆ ಕಡ ತಂದ ಲೋಟವನ್ನು ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಯೇ ಹಿಂದಿರುಗಿಸುತ್ತಿದ್ದಳು. ಮದುವೆಯಾಗಿ ಡೊಂಬಿವಲಿಯ ಈ ಮೂರನೆಯ ಮಹಡಿಗೆ ಬಂದ ಮೇಲೆ ಮಡಿ ಉಳಿಯಲಿಲ್ಲ, ಒಗೆಯುವುದು ಮಾತ್ರ ಉಳಿಯಿತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಮುಕ್ಕಾಲು ಗಂಟೆ. ಅಷ್ಟರಲ್ಲಿ ನಾನು ಮನೆಯಲ್ಲಿರುವ ಬಟ್ಟೆಯನ್ನೆಲ್ಲ ಒಗೆದು, ಒಗೆಯಬೇಕಾದದ್ದೇ ಅಲ್ಲದ ಪರದೆ, ದಿಂಬಿನ ಚೀಲಗಳನ್ನೂ ನೆನೆಸಿ ಮುಗಿಸುತ್ತಿದ್ದೆ. ಎದುರು ಮನೆಯ ಮರಾಠಿ ಕಾಕು ಹಗ್ಗದ ತುಂಬ ಬಟ್ಟೆ ಒಣಗುತ್ತಿದ್ದ ನಮ್ಮ ಗ್ಯಾಲರಿ ನೋಡಿ, ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದಳು. ಇದ್ದದ್ದು ಮೂರೇ ಜನ, ನಾನು, ನಮ್ಮವರು, ಮಗಳು. ನಮ್ಮವರು ಆಗ ಠಾಣೆ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಸ್ವಲ್ಪ ಹೊತ್ತು ಅಲುಗಾಡದೆ ಕುಳಿತರೆ ಇವಳು ನನ್ನನ್ನೂ ಗಂಜಿ ಹಾಕಿ ಒಣಗಿಸುತ್ತಾಳೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಅದು ಹೊಗಳಿಕೆಯ ಹಾಗೆಯೇ ಕೇಳಿಸುತ್ತಿತ್ತು.

ಸುಮತಿ ಅಕ್ಕ ತುರ್ಭೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಸ್ಟೆನೋ ಆಗಿದ್ದವರು. ಕಾರ್ಖಾನೆ ಮುಚ್ಚಿದಾಗ ಅವರಿಗೆ ಐವತ್ತರ ಹತ್ತಿರ. ಮದುವೆ ಮಾಡಿಕೊಂಡಿರಲಿಲ್ಲ, ತಂಗಿಯ ಮನೆಯಲ್ಲಿ ಇದ್ದರು. ತೆಳ್ಳಗೆ, ಎತ್ತರಕ್ಕೆ, ಬೇಸಿಗೆಯಲ್ಲೂ ಕೈಚೀಲದಲ್ಲಿ ಛತ್ರಿ. ಕೆಲಸ ಹೋದ ಮೇಲೆ ಸುಮ್ಮನೆ ಕೂರಲಾರದೆ ನವಿ ಮುಂಬಯಿಯ ಒಂದು ಅನಾಥ ಶಿಶುಗಳ ಮನೆಗೆ ಪತ್ರ ಟೈಪ್ ಮಾಡಿಕೊಡಲು ಹೋಗತೊಡಗಿದರು. ಅಲ್ಲಿ ಸಾಲಾಗಿ ಇಟ್ಟಿದ್ದ ತೊಟ್ಟಿಲುಗಳಲ್ಲಿ ಒಂದು ಮಗುವೂ ಅಳುತ್ತಿರಲಿಲ್ಲವಂತೆ. ಎಷ್ಟು ಒಳ್ಳೆಯ ಮಕ್ಕಳು ಎಂದು ಇವರು ಆಯಾಗೆ ಹೇಳಿದರೆ, ಅತ್ತರೂ ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾಗುತ್ತವೆ ಎಂದಳಂತೆ ಆಯಾ. ಆ ಮಾತು ಕೇಳಿ ಬಂದ ದಿನ ನನಗೆ ಊಟ ಸೇರಲಿಲ್ಲ ಎಂದು ಅಕ್ಕ ಒಮ್ಮೆ ನನ್ನ ಬಳಿ ಹೇಳಿದ್ದರು. ತಮ್ಮ ಬಗ್ಗೆ ಅವರು ಹೇಳಿಕೊಂಡದ್ದು ಅಷ್ಟೇ.

ದತ್ತು ಕೊಡುವ ಕಾಗದಪತ್ರ ಮುಗಿಯಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಮಗು ತೊಟ್ಟಿಲ ಸಾಲಿನಲ್ಲಿ ಬಿದ್ದಿರುವ ಬದಲು ಯಾವುದಾದರೂ ಮನೆಯಲ್ಲಿ ಇರಲಿ ಎಂಬುದು ಅವರ ಯೋಚನೆ. ಆ ಸಂಸ್ಥೆಯವರನ್ನು ಒಪ್ಪಿಸಲು ಎರಡು ವರ್ಷ ಹಿಡಿಯಿತು. ಅದಕ್ಕಿಂತ ಕಷ್ಟವಾದದ್ದು ನಮ್ಮ ಜನರನ್ನು ಒಪ್ಪಿಸುವುದು. ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡ ಮನೆಗಳನ್ನೆಲ್ಲ ಅವರು ಸುತ್ತಿದರು. ಶನಿವಾರದ ಭಜನೆಗೆ ಬಂದು, ಮಂಗಳಾರತಿಯಾಗಿ ನಾವು ಚಪ್ಪಲಿ ಹುಡುಕುವ ಹೊತ್ತಿಗೆ ಬಾಗಿಲಲ್ಲಿ ನಿಂತು ಮಾತು ತೆಗೆಯುತ್ತಿದ್ದರು. ಹೆಂಗಸರು ಮೊದಲು ಕೇಳುತ್ತಿದ್ದದ್ದು ಯಾರ ಮಗು, ಯಾವ ಜಾತಿ ಎಂದು. "ಹಾಲು ಕುಡಿಯುವ ಜಾತಿ. ಬೇರೆ ಎಂತ ಬೇಕು ನಿಮಗೆ?" ಎನ್ನುತ್ತಿದ್ದರು ಸುಮತಿ ಅಕ್ಕ, ನಗದೆ. ಒಪ್ಪಿದವರ ಮನೆಗೆ ಬಂದು ನೋಡುತ್ತಿದ್ದರು. ನೋಡಲು ಬಂದ ಮನೆಯಲ್ಲಿ ಒಂದು ಲೋಟ ಕಾಫಿಯನ್ನೂ ಕುಡಿಯುತ್ತಿರಲಿಲ್ಲ, ಕುಡಿದರೆ ಬೇಡ ಎನ್ನಲು ನಾಲಗೆ ಬರುವುದಿಲ್ಲವಂತೆ. ನನ್ನ ಮನೆಗೆ ಬಂದಾಗ ದೇವರ ಗೂಡು ನೋಡಲಿಲ್ಲ, ಅಡಿಗೆಮನೆ ನೋಡಲಿಲ್ಲ, ನೇರ ಗ್ಯಾಲರಿಗೆ ಹೋಗಿ ಹಗ್ಗಗಳ ಮೇಲೆ ಸಾಲಾಗಿ ಒಣಗುತ್ತಿದ್ದ ಬಟ್ಟೆ ನೋಡಿ, "ನಿನ್ನ ಮನೆ ಆಗ್ತದೆ ಮಾರಾಯ್ತಿ, ಇಲ್ಲಿ ಮಗುವಿಗೆ ಬೊಕ್ಕೆ ಏಳ್ಲಿಕ್ಕಿಲ್ಲ" ಎಂದರು. ನನ್ನನ್ನು ಅವರು ಆರಿಸಿದ್ದು ನನ್ನ ಒಗೆಯುವ ಹುಚ್ಚನ್ನು ಕಂಡೇ.

ಹಾಗೆ ನಮ್ಮ ಮನೆಗೆ ಮೂರು ತಿಂಗಳ ಗಂಡುಮಗು ಬಂತು. ಹೆಸರಿಡುವಂತಿಲ್ಲ, ಹೆಸರಿಡುವ ಹಕ್ಕು ಮುಂದೆ ಬರುವ ತಂದೆತಾಯಿಯದ್ದು. ಫೋಟೊ ತೆಗೆಯುವಂತಿಲ್ಲ. ಮಗು ಹೋದ ಮೇಲೆ ಎಲ್ಲಿ, ಹೇಗಿದೆ ಎಂದು ಕೇಳುವಂತಿಲ್ಲ. ಇದೆಲ್ಲ ಸುಮತಿ ಅಕ್ಕ ಮೊದಲೇ ಹೇಳಿದ್ದರು, ನಾನು ಸರಿ ಎಂದಿದ್ದೆ. ಹೆಸರಿಡಲಿಲ್ಲ, ಚಿನ್ನು ಎಂದು ಕರೆದೆವು. ಮಗಳು ಅದಕ್ಕೆ ಹಿಂದಿಯಲ್ಲಿ ಕಥೆ ಹೇಳುತ್ತಿದ್ದಳು, ನಾನು ತುಳುವಿನಲ್ಲಿ ಮುದ್ದು ಮಾಡುತ್ತಿದ್ದೆ, ಕಾಕು ಮರಾಠಿಯಲ್ಲಿ ಬೈಯುತ್ತಾ ಎಣ್ಣೆ ತಿಕ್ಕುತ್ತಿದ್ದಳು. ಮೊದಲ ಹದಿನೈದು ದಿನ ಅದು ಅಳಲೇ ಇಲ್ಲ, ಛಾವಣಿ ನೋಡುತ್ತಾ ಮಲಗಿರುತ್ತಿತ್ತು. ಹದಿನಾರನೆಯ ದಿನವೋ ಹದಿನೇಳನೆಯ ದಿನವೋ ನಾನು ಸ್ನಾನಕ್ಕೆ ಹೋದಾಗ ಮನೆಯೇ ಹಾರಿಹೋಗುವ ಹಾಗೆ ಕಿರುಚಿಕೊಂಡಿತು. ನಾನು ಒದ್ದೆ ತಲೆಯಲ್ಲೇ ಓಡಿಬಂದೆ. ಎತ್ತಿಕೊಂಡಾಗ ನಾನೂ ಅತ್ತೆ. ಅಳುವುದನ್ನು ಕಲಿತಿತಲ್ಲ ಎಂದು ಸುಮತಿ ಅಕ್ಕನಿಗೆ ಫೋನ್ ಮಾಡಿದರೆ ಅವರು ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟರು.

ಆಗ ನಮ್ಮಲ್ಲಿ ದಿನಾ ಲೋಡ್ ಶೆಡ್ಡಿಂಗ್. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟ್ ಹೋದರೆ ಮೂರು ಗಂಟೆ ಫ್ಯಾನ್ ಇಲ್ಲ. ಚಿನ್ನುವನ್ನು ನೆಲದ ಮೇಲೆ ಮಲಗಿಸಿ ನಾನು ಪಕ್ಕದಲ್ಲಿ ಒರಗಿ ಸೆರಗಿನಿಂದ ಗಾಳಿ ಹಾಕುತ್ತಿದ್ದೆ. ಅವನು ಸೆರಗಿನ ತುದಿ ಹಿಡಿದು ಮೂಗಿಗೆ ಒತ್ತಿಕೊಳ್ಳುತ್ತಿದ್ದ, ಹಾಗೆ ಒತ್ತಿಕೊಂಡರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ಆಗಷ್ಟೇ ಒಗೆದ ಸೀರೆ ಉಟ್ಟ ದಿನ ಅವನಿಗೆ ನನ್ನ ಮೇಲೆ ಸಂಶಯ. ಸೆರಗು ಮೂಸಿ, ಮುಖ ನೋಡಿ, ಮತ್ತೆ ಸೆರಗು ಮೂಸಿ, ಬಹಳ ಹೊತ್ತು ಗೊಣಗುತ್ತಿದ್ದ. ನಾವು ಮನೆಯವರೆಲ್ಲ ಸೇರಿ ಅದನ್ನು ನೋಡಿ ನಗುತ್ತಿದ್ದೆವು. ಕಣ್ಣೆದುರಿಗೇ ಇದ್ದದ್ದು ನನ್ನ ತಲೆಗೆ ಹೋಗಲಿಲ್ಲ.

ಹನ್ನೊಂದು ತಿಂಗಳ ನಂತರ ಒಂದು ಬೆಳಿಗ್ಗೆ ಸುಮತಿ ಅಕ್ಕ ಬಂದು, ತಂದೆತಾಯಿ ಸಿಕ್ಕಿದ್ದಾರೆ, ಇನ್ನು ಎಂಟು ದಿನ ಎಂದರು. ನಾನು ಒಲೆಯ ಮೇಲಿದ್ದ ಹಾಲು ನೋಡುತ್ತಾ ತಲೆಯಾಡಿಸಿದೆ. ಅವರು ಪಕ್ಕಕ್ಕೆ ಬಂದು ನಿಂತರು.

"ಇವತ್ತಿನಿಂದ ಏಳು ದಿನ ಒಂದೇ ಸೀರೆ ಉಟ್ಟು ಮಗುವನ್ನು ಮಲಗಿಸು. ಒಗೀಬೇಡ. ಕಡೆಯ ದಿನ ಅದನ್ನು ಹಾಗೇ ಮಡಿಸಿ ಮಗುವಿನ ಜೊತೆ ಕಳಿಸು. ನಿನ್ನ ಮನೆಯಿಂದ ಅದಕ್ಕೆ ಹೋಗ್ಲಿಕ್ಕುಂಟು ಅಂತ ಇರೋದು ಅದೊಂದೇ."

ಪ್ರತಿ ಮನೆಗೂ ಅವರು ಇದನ್ನೇ ಹೇಳುತ್ತಿದ್ದರು. ನಾನು ಹೇಳಿದಂತೆಯೇ ಮಾಡಿದೆ. ಹಳದಿ ಅಂಚಿನ ಒಂದು ಮೆತ್ತಗಿನ ಸೀರೆಯನ್ನು ಏಳು ದಿನ ಉಟ್ಟೆ. ಮೂರನೆಯ ದಿನಕ್ಕೆ ನನಗೇ ಮೈ ಮುಜುಗರ. ಐದನೆಯ ದಿನ ಹಾಲು ಕಕ್ಕಿದ ಕಲೆ, ಆರನೆಯ ದಿನ ಹರಳೆಣ್ಣೆ. ಮಲಗಿಸುವಾಗ ಮಾತ್ರ ಉಟ್ಟು, ಉಳಿದ ಹೊತ್ತು ಬಾಗಿಲ ಹಿಂದೆ ಯಾರಿಗೂ ಕಾಣದ ಹಾಗೆ ನೇತು ಹಾಕುತ್ತಿದ್ದೆ. ಚಿನ್ನು ಆ ವಾರ ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದ.

ಎಂಟನೆಯ ದಿನ ಬೆಳಿಗ್ಗೆ ಅದನ್ನು ಮಡಿಸಲು ಕೈಗೆ ತೆಗೆದುಕೊಂಡೆ. ಗೋಡೆಯ ಮೇಲೆ ಅಮ್ಮನ ಫೋಟೊ ಇತ್ತು. ದೊಡ್ಡ ಮನೆಯವರಂತೆ, ಘೋಡಬಂದರ್ ರಸ್ತೆಯ ಹೊಸ ಕಟ್ಟಡವಂತೆ, ಇಬ್ಬರೂ ದೊಡ್ಡ ಕೆಲಸದಲ್ಲಿ ಇರುವವರಂತೆ. ಇದನ್ನೆಲ್ಲ ನಾನು ಕೇಳಬಾರದಿತ್ತು, ಆದರೂ ಕಿವಿಗೆ ಬಿದ್ದಿತ್ತು. ಅಂಥ ಮನೆಯ ಹೆಂಗಸು ಈ ಚೀಲ ಬಿಚ್ಚಿದರೆ, ಹುಳಿ ವಾಸನೆಗೆ ಮೂಗು ಮುಚ್ಚಿಕೊಂಡರೆ, ಇಷ್ಟು ದಿನ ಈ ಮಗು ಎಂಥ ಕೊಳಕಿನಲ್ಲಿ ಬೆಳೆಯಿತೋ ಎಂದುಕೊಂಡರೆ? ಮಗು ಹೋಗುವ ದುಃಖ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹೊತ್ತಿಗೆ ಎದೆಯಲ್ಲಿ ಎದ್ದು ನಿಂತದ್ದು ದುಃಖವಲ್ಲ, ನನ್ನ ಮರ್ಯಾದೆ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ನಾನು ಸೀರೆ ನೆನೆಸಿದೆ, ಕಲೆ ಹೋಗುವಷ್ಟು ತಿಕ್ಕಿದೆ, ನೀಲಿ ಹಾಕಿದೆ, ಗಂಜಿ ಹಾಕಿದೆ, ಫ್ಯಾನಿನ ಕೆಳಗೆ ಹರವಿ ಅರೆ ಒಣಗಿದಾಗಲೇ ಇಸ್ತ್ರಿ ಮಾಡಿದೆ. ಕಾಗದದ ಹಾಗೆ ಗರಿಗರಿ ನಿಂತಿತು. ನೋಡಿ ನನಗೆ ಸಮಾಧಾನವಾಯಿತು.

ಕಲ್ಯಾಣದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ಸುಮತಿ ಅಕ್ಕನ ಎರಡು ಕೋಣೆಯ ಆಫೀಸು. ಅಲ್ಲೇ ಚಿನ್ನುವನ್ನು ಒಪ್ಪಿಸಿದ್ದು. ಆ ಗಂಡಹೆಂಡತಿ ಒಳ್ಳೆಯವರಂತೆಯೇ ಕಂಡರು. ಗಂಡಸು ನನಗೆ ಕೈಮುಗಿದ. ಸುಮತಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಸೀರೆ ಇಟ್ಟಿಯಾ ಎಂದು ಕೇಳಿದರು. ಇಟ್ಟಿದ್ದೇನೆ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಿನ್ನು ನನ್ನ ಕರಿಮಣಿ ಹಿಡಿದಿದ್ದ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ. ಮೆಟ್ಟಿಲು ಇಳಿದು ಸ್ಟೇಷನ್ನಿಗೆ ಬರುವವರೆಗೂ ನನ್ನ ಕೂದಲ ಮೇಲೆ ಹಿಟ್ಟು ಕುಳಿತಿದ್ದದ್ದು ನನಗೆ ಗೊತ್ತಾಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಒಂದು ಕಳ್ಳತನ ಕಲಿತೆ. ನಮ್ಮವರಿಗೆ ಊಟದ ಡಬ್ಬಿ ಕೊಡುವ ನೆಪ ಮಾಡಿ ಠಾಣೆಗೆ ಹೋಗುವುದು. ಹೋಟೆಲ್ ಮ್ಯಾನೇಜರಿಗೆ ಮನೆಯಿಂದ ಡಬ್ಬಿ ಏಕೆ ಎಂದು ಅವರು ಕೇಳಲಿಲ್ಲ, ಕೇಳದೆಯೇ ಗೊತ್ತಾಗಿತ್ತು ಎಂದು ಕಾಣುತ್ತದೆ. ಡಬ್ಬಿ ಕೊಟ್ಟು, ಘೋಡಬಂದರ್ ರಸ್ತೆಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಹೊಸ ಕಟ್ಟಡಗಳ ಬಾಲ್ಕನಿಗಳಲ್ಲಿ ಒಣಗಿ ಹಾಕಿದ ಬಟ್ಟೆ ನೋಡುತ್ತಿದ್ದೆ. ಮನೆಯ ವಿಷಯ ತಿಳಿಯಲು ಬಟ್ಟೆಯ ಹಗ್ಗ ನೋಡಿದರೆ ಸಾಕು ಎಂಬುದು ನನ್ನ ನಂಬಿಕೆ. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಏಳನೆಯ ಮಹಡಿಯಲ್ಲೋ ಎಂಟನೆಯ ಮಹಡಿಯಲ್ಲೋ ಕೂಸಿನ ಪುಟ್ಟ ಹಳದಿ ಅಂಗಿಯೊಂದು ಗಾಳಿಗೆ ಹಾರುತ್ತಿತ್ತು. ಚಿನ್ನು ಅಲ್ಲಿದ್ದಾನೆ, ಚೆನ್ನಾಗಿದ್ದಾನೆ, ಮಧ್ಯಾಹ್ನದ ನಿದ್ದೆಯಲ್ಲಿದ್ದಾನೆ ಎಂದು ಮನಸ್ಸಿಗೆ ಖಾತ್ರಿಯಾಯಿತು. ಮನೆಗೆ ಬಂದು ಪಾಯಸ ಮಾಡಿದೆ.

ಅದೇ ದಿನಗಳಲ್ಲಿ ಸುಮತಿ ಅಕ್ಕನಿಗೆ ಒಂದು ವಿಚಿತ್ರ ಅಭ್ಯಾಸ ಶುರುವಾಯಿತು. ಮಗುವನ್ನು ಒಪ್ಪಿಸಿ ಎರಡು ತಿಂಗಳಾಗಿತ್ತೇನೋ, ಒಂದು ಬೆಳಿಗ್ಗೆ ಬಂದವರೇ ಹಳೆಯ ಕಾಟನ್ ಸೀರೆ ಇದ್ದರೆ ಒಂದು ಕೊಡು, ಆಫೀಸಿನಲ್ಲಿ ಒರೆಸಲಿಕ್ಕೆ ಬೇಕು ಎಂದರು. ನಾನು ಸಂತೋಷದಿಂದ ಕಪಾಟಿನಿಂದ ಒಗೆದದ್ದು ತೆಗೆದೆ. "ಅದು ಬೇಡ. ನಿನ್ನೆ ಉಟ್ಟದ್ದು ಉಂಟಲ್ಲ, ಅದನ್ನು ಕೊಡು" ಎಂದರು. ನೆಲ ಒರೆಸಲು ಒಗೆದ ಸೀರೆ ಹಾಳು ಮಾಡುವುದು ಬೇಡ ಎಂಬ ಜಿಪುಣತನ ಇರಬೇಕು ಎಂದುಕೊಂಡು, ಮುಜುಗರದಿಂದಲೇ ಬಚ್ಚಲಿನ ಬಕೆಟಿಗೆ ಹಾಕಲಿದ್ದ ಸೀರೆ ಕೊಟ್ಟೆ. ಅವರು ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯಾಡದ ಹಾಗೆ ಗಂಟು ಕಟ್ಟಿ, ಕಾಫಿಯನ್ನೂ ಕುಡಿಯದೆ ಹೋದರು. ವಾರ ಕಳೆದು ಮತ್ತೆ ಬಂದರು. ಆಮೇಲೆ ಮತ್ತೆ. ನಾಲ್ಕು ತಿಂಗಳು ಹೀಗೆಯೇ ನಡೆಯಿತು. ಸೀರೆ ಮುಗಿಯುತ್ತಾ ಬಂದಂತೆ ನಾನು ಅರ್ಧ ಅರ್ಧ ಹರಿದು ಕೊಡತೊಡಗಿದೆ.

ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯವಳಲ್ಲ ನಾನು. ಭಜನೆಯ ನಂತರ ಸುಮತಿ ಅಕ್ಕನ ನಡಿಗೆ, ಅವರು ಚೀಲಕ್ಕೆ ಗಂಟು ಹಾಕುವ ರೀತಿ ಎಲ್ಲವನ್ನೂ ನಟಿಸಿ ತೋರಿಸಿದೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬೀದಿಯಲ್ಲಿ ಕೂಗುತ್ತಾ ಬರುತ್ತಾರಲ್ಲ, ನಮ್ಮ ಸುಮತಿ ಅಕ್ಕನೂ ಅವರ ಜೊತೆ ಸೇರಿದ್ದಾರೆ, ಮನೆಯಲ್ಲಿ ಡಬ್ಬಿಗಳ ಸಾಲೇ ಇರಬೇಕು ಎಂದೆ. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹಳೆ ಸೀರೆ ಸುಮತಿ ಎಂಬ ಹೆಸರು ಆ ಸಂಜೆ ಹುಟ್ಟಿದ್ದು. ಹುಟ್ಟಿಸಿದವಳು ನಾನು. ಅದು ಅವರ ಕಿವಿಗೂ ಬಿದ್ದಿತ್ತು ಎಂದು ವೀಣಾ ಈಗ ಹೇಳಿದಳು.

ಕೊನೆಗೊಂದು ದಿನ ನನ್ನ ಓರಗಿತ್ತಿ ಊರಿನಿಂದ ಬಂದಿದ್ದಾಗ, ಅವಳ ಎದುರಿಗೇ ಸುಮತಿ ಅಕ್ಕ ನಿನ್ನೆ ಉಟ್ಟ ಸೀರೆ ಕೇಳಿದರು. ಓರಗಿತ್ತಿ ನನ್ನ ಮುಖ ನೋಡಿದಳು. ನನಗೆ ಭೂಮಿಗಿಳಿದುಹೋದ ಹಾಗಾಯಿತು. ನಾಳೆ ಬನ್ನಿ ಎಂದು ಕಳಿಸಿದೆ. ಆ ದಿನ ಇದೇ ಬೂದು ಬಣ್ಣದ ಸೀರೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮರುದಿನ ಅವರು ಬಂದಾಗ ತಟ್ಟೆಯಲ್ಲಿ ಇಟ್ಟು ಅರಸಿನ ಕುಂಕುಮದ ಜೊತೆ ಕೊಟ್ಟೆ.

"ಅಕ್ಕ, ನಿಮಗೆ ಸೀರೆಗೆ ಕಷ್ಟ ಇದ್ದರೆ ಒಳ್ಳೆಯದನ್ನೇ ಕೇಳಿ, ಕೊಡ್ತೇನೆ. ಮೈಮೇಲಿನ ಕೊಳೆ ಸೀರೆ ಹೊತ್ತುಕೊಂಡು ಹೋಗಿ ನನ್ನ ಮರ್ಯಾದೆ ತೆಗೀಬೇಡಿ" ಎಂದೆ. ಓರಗಿತ್ತಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

ಅವರು ಮಡಿಕೆಯ ಮೇಲೆ ಒಮ್ಮೆ ಬೆರಳಾಡಿಸಿದರು. ನನ್ನನ್ನು ನೋಡಿದರು. "ಆಯ್ತು ಮಾರಾಯ್ತಿ" ಎಂದು ಕುಂಕುಮ ಹಚ್ಚಿಕೊಂಡು ಹೋದರು. ಮತ್ತೆ ಸೀರೆ ಕೇಳಲು ಬರಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಅದಾದ ಮೇಲೆ ನನ್ನ ಮನೆಗೆ ಇನ್ನೂ ಎರಡು ಮಕ್ಕಳು ಬಂದು ಹೋದವು. ಎರಡು ಸಲವೂ ಏಳನೆಯ ದಿನ ಸಂಜೆ ಸುಮತಿ ಅಕ್ಕ ತಾವೇ ಬಂದು, ನಾನು ಉಟ್ಟಿದ್ದ ಸೀರೆ ಬಿಚ್ಚಿಸಿಕೊಂಡು ಹೋದರು. ವಯಸ್ಸಾದಂತೆ ಇವರಿಗೆ ಯಾರ ಮೇಲೂ ನಂಬಿಕೆ ಇಲ್ಲವಾಗುತ್ತಿದೆ ಎಂದು ನಮ್ಮವರ ಬಳಿ ದೂರಿದ್ದೆ. ಆಮೇಲೆ ಕಾಯಿದೆಗಳು ಬದಲಾದವು, ಎಲ್ಲವೂ ಕಂಪ್ಯೂಟರಿನ ಸರತಿಗೆ ಹೋಯಿತು, ಗಿರಣಿಯ ಮೇಲಿನ ಆಫೀಸು ಮುಚ್ಚಿತು. ಅಕ್ಕನ ಮೊಣಕಾಲು ಹೋಯಿತು, ತಂಗಿಯ ಮನೆಯವರು ನವಿ ಮುಂಬಯಿಗೆ ಹೋದಾಗ ಅವರೂ ಹೋದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ಚಿನ್ನುವಿನ ವಿಷಯ ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.

ಈಗ ವೀಣಾ ಹೇಳಿದ್ದು. ಅವಳು ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಅರ್ಧ, ಹಿಂದಿ ಅರ್ಧ. ಚಿನ್ನು ಘೋಡಬಂದರ್ ರಸ್ತೆಯ ಆ ಮನೆಯಲ್ಲಿ ಇದ್ದದ್ದು ಎರಡು ತಿಂಗಳೂ ಅಲ್ಲ, ಏಳು ವಾರ. ಮಲಗಿಸಿದರೆ ಹತ್ತು ನಿಮಿಷಕ್ಕೆ ಎದ್ದು ಕಿರುಚುತ್ತಿದ್ದನಂತೆ. ಆ ಹೆಂಗಸು ರಜೆ ಹಾಕಿ, ಡಾಕ್ಟರರಿಗೆ ತೋರಿಸಿ, ತಾನೂ ನಿದ್ದೆಯಿಲ್ಲದೆ ಬಡವಾಗಿ, ಕೊನೆಗೆ ನನ್ನಿಂದಾಗುವುದಿಲ್ಲ ಎಂದು ಅಳುತ್ತಾ ತಂದು ಒಪ್ಪಿಸಿದಳಂತೆ. ಕಾಗದಪತ್ರ ಮತ್ತೆ ಮೊದಲಿನಿಂದ ಶುರುವಾಗುವವರೆಗೆ ಮಗು ಸಂಸ್ಥೆಯ ಕಣ್ಣೆದುರಿಗೇ ಇರಬೇಕು ಎಂದು ನಿಯಮ. ಹೀಗಾಗಿ ಅವನು ಮತ್ತೆ ಅದೇ ತೊಟ್ಟಿಲ ಸಾಲಿಗೆ ಬಂದ. ವಾಪಸು ಬಂದ ಚೀಲದಲ್ಲಿ ಹಳದಿ ಅಂಚಿನ ಸೀರೆ ಇತ್ತು. ಸುಮತಿ ಅಕ್ಕ ಅದನ್ನು ಬಿಡಿಸಿದಾಗ ಮಡಿಕೆ ಪರಪರ ಸದ್ದು ಮಾಡಿತಂತೆ.

ಮುಂದಿನ ವಾರದಿಂದ ಅವರು ನನ್ನ ಮನೆಗೆ ಬರತೊಡಗಿದರು. ವೀಣಾಗೆ ಆಗ ಕಾಲೇಜು. ದೊಡ್ಡಮ್ಮನ ಜೊತೆ ಅವಳೂ ಲೋಕಲ್ ಹತ್ತಿ, ದಿವಾ, ಮುಂಬ್ರಾ, ಕಳವಾ ದಾಟಿ, ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಗೆ ಹೋಗುತ್ತಿದ್ದಳು. ಅಕ್ಕ ಆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂರುತ್ತಿದ್ದರಂತೆ, ಹಸಿ ಮೀನಿನ ಬುಟ್ಟಿಯವಳು ಪಕ್ಕದಲ್ಲಿ ಕುಳಿತರೆ ಎದ್ದು ಬೇರೆ ಕಡೆ ಹೋಗುತ್ತಿದ್ದರಂತೆ.

ನಾನು ವೀಣಾಳನ್ನು ಕೇಳಿದ್ದು ಒಂದೇ ಮಾತು. ಅವನು ನಿದ್ದೆ ಮಾಡುತ್ತಿದ್ದನಾ ಎಂದು.

"ಹಾಂ ಆಂಟಿ. ಸೀರೆ ಮೂಗಿಗೆ ಹಿಡ್ಕೊಂಡು, ಏಕ್‌ದಂ ಶಾಂತ್. ನಾಲ್ಕು ದಿನ, ಐದು ದಿನ ಅದ್ರಲ್ಲಿ ವಾಸನೆ ಇರ್ತಿತ್ತು. ಆಮೇಲೆ ಮತ್ತೆ ಅಳೋದು."

ಇಸ್ತ್ರಿ ಮಾಡಿದ ಸೀರೆ ಕೊಟ್ಟ ದಿನವೂ ಅಕ್ಕ ಅಲ್ಲಿಗೆ ಹೋಗಿದ್ದರಂತೆ. ಬಾಗಿಲಲ್ಲಿ ನಿಂತು ಅದನ್ನು ಒಮ್ಮೆ ಮೂಸಿ ನೋಡಿ, ಮತ್ತೆ ಚೀಲದಲ್ಲಿ ಇಟ್ಟುಕೊಂಡು, ಒಳಗೆ ಹೋಗದೆ ಹಿಂದಿರುಗಿದರಂತೆ. ಆಂಟಿಗೆ ನಿಜ ಹೇಳಿಬಿಡಿ ಎಂದು ವೀಣಾ ಗಾಡಿಯಲ್ಲಿ ಜಗಳವಾಡಿದಳಂತೆ. ಅದಕ್ಕೆ ಅವರು ಹೇಳಿದ ಮಾತನ್ನು ವೀಣಾ ಅವರದ್ದೇ ಕನ್ನಡದಲ್ಲಿ ನನಗೆ ಒಪ್ಪಿಸಿದಳು.

"ಹೇಳಿದ್ರೆ ಅವಳು ಇನ್ನೊಂದು ಮಗುವನ್ನು ಕೈಯಲ್ಲಿ ಎತ್ತಿಕೊಳ್ಳಲಿಕ್ಕಿಲ್ಲ. ನನಗೆ ಇರುವುದೇ ಒಂಬತ್ತು ಮನೆ."

ಅದಾಗಿ ಎರಡು ತಿಂಗಳಿಗೆ ಬೇರೆ ರಾಜ್ಯದ ಒಂದು ಕುಟುಂಬ ಚಿನ್ನುವನ್ನು ಕರೆದುಕೊಂಡು ಹೋಯಿತು. ಎಲ್ಲಿಗೆ ಎಂದು ವೀಣಾಗೆ ಗೊತ್ತಿಲ್ಲ. ಅವನ ಜೊತೆ ಯಾವ ಬಟ್ಟೆಯೂ ಹೋಗಲಿಲ್ಲ. ಎಲ್ಲವೂ ನನ್ನ ಒಂದು ಸೀರೆಯಿಂದಲೇ ಆಯಿತು ಎಂದು ದೊಡ್ಡಮ್ಮ ಯಾವತ್ತೂ ಹೇಳಲಿಲ್ಲ, ಅದರಿಂದ ಅಲ್ಲ ಎಂದೂ ಹೇಳಲಿಲ್ಲ ಎಂದು ವೀಣಾ ಏಳುವಾಗ ಹೇಳಿದಳು. ನನಗೆ ಸುಮತಿ ಅಕ್ಕನ ಮೇಲೆ ಸಿಟ್ಟು ಬಂತು, ಈಗಲೂ ಇದೆ. ಒಂದು ಮಾತು ಹೇಳಿದ್ದರೆ ನಾನು ಒಂದೇ ಸೀರೆಯಲ್ಲಿ ತಿಂಗಳು ಕಳೆಯುತ್ತಿದ್ದೆ, ಓರಗಿತ್ತಿಯ ಎದುರಿಗೇ ಬಿಚ್ಚಿ ಕೊಡುತ್ತಿದ್ದೆ. ನಾನು ಹಳದಿ ಅಂಗಿ ನೋಡಿ ಪಾಯಸ ಮಾಡಿದ ದಿನ ಅವನು ಘೋಡಬಂದರ್ ರಸ್ತೆಯಲ್ಲಿ ಇರಲೇ ಇಲ್ಲ. ಆದರೆ ಅವರ ಲೆಕ್ಕ ತಪ್ಪು ಎಂದೂ ಹೇಳಲಾರೆ. ನಿಜ ಗೊತ್ತಾಗಿದ್ದರೆ ನಾನು ಮುಂದಿನ ಆ ಎರಡು ಮಕ್ಕಳನ್ನು ಮುಟ್ಟುತ್ತಿರಲಿಲ್ಲ, ಅವು ತೊಟ್ಟಿಲ ಸಾಲಿನಲ್ಲೇ ಅಳುವುದನ್ನು ಮರೆಯುತ್ತಿದ್ದವು.

ವೀಣಾ ಹೋದ ಮೇಲೆ ನಾನು ಮಾಡಿದ್ದು ಏನು ಗೊತ್ತೇ? ನುಸಿಗುಳಿಗೆಯ ವಾಸನೆ ಹೋಗಲೆಂದು ಸೀರೆಯನ್ನು ಬಚ್ಚಲಿಗೆ ಒಯ್ದೆ. ಬಕೆಟಿಗೆ ನೀರು ತುಂಬಿಸಿ, ಸಾಬೂನಿನ ಪುಡಿ ಹಾಕಿ ಕಲಕಿದೆ ಕೂಡ. ನೊರೆ ಎದ್ದಾಗ ಕೈ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಆಮೇಲೆ ನೀರು ಚೆಲ್ಲಿ, ಹೊರಗೆ ಬಂದು ಅದನ್ನು ಉಟ್ಟೆ. ಹನ್ನೆರಡು ವರ್ಷದ ಗಂಜಿ, ಮಡಿಕೆಯ ಗೆರೆಗಳಲ್ಲಿ ಬಟ್ಟೆ ಬಿರುಕು ಬಿಟ್ಟಿತ್ತು.

ಅದನ್ನೇ ಉಟ್ಟು ಅಡಿಗೆ ಮಾಡಿದೆ, ಅದನ್ನೇ ಉಟ್ಟು ಮಲಗಿದೆ. ನಮ್ಮವರು ಈಗ ನಿವೃತ್ತರು, ದಿನವಿಡೀ ಮನೆಯಲ್ಲೇ. ಮೂರನೆಯ ದಿನ ಏನಾದರೂ ತಮಾಷೆ ಮಾಡುತ್ತಾರೆ ಎಂದುಕೊಂಡೆ, ಮಾಡಲಿಲ್ಲ. ಐದನೆಯ ದಿನ, ಒಗೆಯಲಿಕ್ಕೆ ಹಾಕುವುದಿಲ್ಲವಾ ಎಂದು ಮೆಲ್ಲಗೆ ಕೇಳಿದರು. ಇನ್ನೂ ಇಲ್ಲ ಎಂದೆ. ಇವತ್ತಿಗೆ ಏಳು ದಿನ. ಬೆಳಿಗ್ಗೆ ಹಾಸಿಗೆಯಲ್ಲಿ ಕುಳಿತು ನಾನು ಮೊದಲ ಸಲ ನನ್ನ ಸೆರಗನ್ನು ನಾನೇ ಮೂಸಿ ನೋಡಿದೆ. ತೆಂಗಿನೆಣ್ಣೆ, ಒಗ್ಗರಣೆ, ಬೆವರು, ಸ್ವಲ್ಪ ಹುಳಿ. ವಿಶೇಷವಾದದ್ದು ಏನೂ ಇಲ್ಲ. ಇಷ್ಟೇ ಅವನಿಗೆ ಬೇಕಾಗಿದ್ದದ್ದು. ನಾನು ಎರಡು ಸಲ ತೊಳೆದು ಕೊಟ್ಟೆ.

ಬಚ್ಚಲಿನ ನಲ್ಲಿಯಲ್ಲಿ ನೀರು ಬರುವ ಸದ್ದು ಕೇಳಿಸಿತು. ಬಕೆಟ್ ತುಂಬಿ ಹರಿಯತೊಡಗಿತು. ನಮ್ಮವರು ಎದ್ದು ಹೋಗಿ ನಲ್ಲಿ ನಿಲ್ಲಿಸಿದರು.